ಡಬ್ಲ್ಯುಎಚ್ಎಂ ಬ್ಯಾಕಪ್‌ನಲ್ಲಿ ರಿಟೆನ್ಷನ್ 5 ಅಂದ್ರೆ 5 ದಿನ ಅಲ್ಲ

ಸಿಪ್ಯಾನೆಲ್ (ವೆಬ್‌ಸೈಟ್ ಹೋಸ್ಟಿಂಗ್ ನಿಭಾಯಿಸೋ ಸಾಫ್ಟ್‌ವೇರ್) ಇರೋ ಸರ್ವರ್ ನೋಡ್ಕೊಳ್ಳೋರು ಗಮನಿಸಿ, ಅದರ ಅಡ್ಮಿನ್ ಪ್ಯಾನೆಲ್ ಆದ ಡಬ್ಲ್ಯುಎಚ್ಎಂನ ಬ್ಯಾಕಪ್ ಕಾನ್ಫಿಗರೇಷನ್‌ನಲ್ಲಿ ಡೈಲಿ ರಿಟೆನ್ಷನ್ (ಎಷ್ಟು ಬ್ಯಾಕಪ್ ಇಟ್ಕೋಬೇಕು ಅನ್ನೋ ಸೆಟ್ಟಿಂಗ್) 5 ಅಂತ ಹಾಕಿದ್ರೆ ಅದು 5 ಕಾಪಿ ಅಂತ ಲೆಕ್ಕ, ಸೋಮವಾರ ಬುಧವಾರ ಶುಕ್ರವಾರ ಮಾತ್ರ ಟಿಕ್ ಮಾಡಿದ್ರೆ ಆ 5 ಕಾಪಿ ಹತ್ತಿರ ಹತ್ತಿರ ಹತ್ತು ದಿನ ಹಿಂದಕ್ಕೆ ಹೋಗುತ್ತೆ, ದಿನಾ ಓಡಿಸಿದ್ರೆ 5 ದಿನಕ್ಕೇ ಮುಗೀತು.

ಡೈಲಿ ಒಂದನ್ನೇ ನಂಬ್ಕೋಬೇಡಿ. ವರ್ಡ್‌ಪ್ರೆಸ್ ಸೈಟ್‌ಗೆ ಮಾಲ್‌ವೇರ್ ಹೊಕ್ಕಿರೋದು ಎರಡು ವಾರ ಆದ್ಮೇಲೆ ಗೊತ್ತಾದ್ರೆ ಅಷ್ಟರಲ್ಲಿ ಕ್ಲೀನ್ ಕಾಪಿ ಎಲ್ಲಾ ಡಿಲೀಟ್ ಆಗಿ ಕೈಯಲ್ಲಿರೋ ಐದೂ ಕೆಟ್ಟಿರೋವೇ! ಅದಕ್ಕೆ ವೀಕ್ಲಿ 4, ಮಂತ್ಲಿ 1 ಆದ್ರೂ ಆನ್ ಮಾಡಿ. ಡಿಸ್ಕ್ ಜಾಗ ಮೊದ್ಲು ಲೆಕ್ಕ ಹಾಕಿ, ಫುಲ್ ಬ್ಯಾಕಪ್ ಒಂದು 10 ಜಿಬಿ ಅಂದ್ರೆ ಎಲ್ಲಾ ಸೇರಿ (5+4+1) ಹತ್ತು ಕಾಪಿಗೆ 100 ಜಿಬಿ ಬೇಕು.

ಮತ್ತೆ ಆ 'ಸ್ಟ್ರಿಕ್ಟ್ಲಿ ಎನ್‌ಫೋರ್ಸ್ ರಿಟೆನ್ಷನ್' ಟಿಕ್ ಹಾಕೋ ಮುಂಚೆ ಯೋಚ್ನೆ ಮಾಡಿ, ಹೊಸ ಬ್ಯಾಕಪ್ ಫೇಲ್ ಆಗಿದ್ರೂ ಹಳೇದನ್ನ ತೆಗೆದುಹಾಕುತ್ತೆ.