ಐದು ಕಾರು, ಒಂದು ಅಳತೆ ಟೇಪು: ಕಾಂಪ್ಯಾಕ್ಟ್ ಎಸ್‌ಯುವಿ ಕೊಳ್ಳುವ ಮೊದಲು ನಾನು ಮಾಡಿದ ಹೋಲಿಕೆ

2023ರಲ್ಲಿ ನಮ್ಮ ಹಳೆಯ ಸೆಡಾನ್ ಕಾರನ್ನು ಬಿಟ್ಟು ಕಾಂಪ್ಯಾಕ್ಟ್ ಕ್ರಾಸ್‌ಓವರ್ ಎಸ್‌ಯುವಿಯೊಂದನ್ನು ಕೊಳ್ಳಲು ನಿಶ್ಚಯಿಸಿದಾಗ, ಹೋಲಿಕೆಯ ಕೆಲಸ ಒಂದು ಭಾನುವಾರದಲ್ಲಿ ಮುಗಿದುಹೋಗುತ್ತದೆ ಎಂದೇ ನಾನು ಭಾವಿಸಿದ್ದೆ. ಟೊಯೋಟಾ ರ್ಯಾವ್4, ಹೋಂಡಾ ಸಿಆರ್-ವಿ, ಮಾಜ್ದಾ ಸಿಎಕ್ಸ್-5, ಹ್ಯುಂಡೈ ಟಕ್ಸನ್, ಸುಬಾರು ಫಾರೆಸ್ಟರ್ ಎಂಬ ಐದು ಹೆಸರುಗಳನ್ನು ಹಾಳೆಯ ನೆತ್ತಿಯಲ್ಲಿ ಬರೆದು, ಎಡಬದಿಯಲ್ಲಿ ಉದ್ದ, ಅಗಲ, ಎಂಜಿನ್ ಶಕ್ತಿ, ಮೈಲೇಜ್, ಡಿಕ್ಕಿಯ ಗಾತ್ರ ಎಂದು ಸಾಲುಗಳನ್ನು ಹಾಕಿ, ಕೈಪಿಡಿಗಳಲ್ಲಿ ಸಿಕ್ಕ ಅಂಕಿಗಳನ್ನು ತುಂಬುತ್ತಾ ಹೋದೆ. ಡಿಕ್ಕಿಯ ಸಾಲಿಗೆ ಬಂದಾಗ ಕೆಲಸ ನಿಂತಿತು. ಒಂದೇ ಪೀಳಿಗೆಯ ರ್ಯಾವ್4ನ ಡಿಕ್ಕಿ ಯುರೋಪಿನ ಕೈಪಿಡಿಯಲ್ಲಿ 580 ಲೀಟರ್ ಎಂದಿತ್ತು, ಅಮೆರಿಕದ ಕೈಪಿಡಿಯಲ್ಲಿ ಸುಮಾರು 37 ಘನ ಅಡಿ, ಅಂದರೆ 1,000 ಲೀಟರಿಗೂ ಹೆಚ್ಚು ಎಂದಿತ್ತು. ಕಾರು ಒಂದೇ, ಡಿಕ್ಕಿಯೂ ಒಂದೇ. ಯುರೋಪಿನಲ್ಲಿ ಒಂದೊಂದು ಲೀಟರಿನ ಇಟ್ಟಿಗೆಯಂಥ ತುಂಡುಗಳನ್ನು ಸೀಟಿನ ಹಿಂಭಾಗದ ಹೊದಿಕೆಯ ಮಟ್ಟದವರೆಗೆ ಜೋಡಿಸಿ ಎಣಿಸುತ್ತಾರೆ. ಅಮೆರಿಕದ ಪದ್ಧತಿಯೇ ಬೇರೆ, ಅಲ್ಲಿ ಛಾವಣಿಯವರೆಗಿನ ಜಾಗವೂ ಲೆಕ್ಕಕ್ಕೆ ಬರುತ್ತದೆ. ನನ್ನ ಹಾಳೆಯಲ್ಲಿ ಒಂದು ಕಾರಿನ ಅಂಕಿ ಒಂದು ಪದ್ಧತಿಯದು, ಪಕ್ಕದ ಕಾರಿನದು ಇನ್ನೊಂದರದು ಎಂದು ತಿಳಿದ ಮೇಲೆ, ಉಳಿದ ಸಾಲುಗಳ ಮೇಲೂ ಅನುಮಾನ ಹುಟ್ಟಿತು.

ಆ ಅನುಮಾನ ನಿಜವಾಯಿತು. 2020ರಲ್ಲಿ ಬಂದ ಟಕ್ಸನ್ ಒಂದೇ ಹೆಸರಿನಲ್ಲಿ ಎರಡು ಉದ್ದಗಳಲ್ಲಿ ತಯಾರಾಗುತ್ತದೆ. ಒಂದರ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2,680 ಮಿ.ಮೀ., ಇನ್ನೊಂದರದು 2,755 ಮಿ.ಮೀ. ಒಂದು ದೇಶದ ವಿಮರ್ಶಕ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದು ಎಂದು ಬರೆದದ್ದನ್ನು ಇನ್ನೊಂದು ದೇಶದವನು ಓದಿ ನಂಬಿದರೆ, ಆ 75 ಮಿ.ಮೀ. ಅವನ ಮೊಣಕಾಲಿಗೆ ತಿಳಿಯುತ್ತದೆ. ಸುರಕ್ಷತೆಯ ನಕ್ಷತ್ರಗಳ ಕತೆ ಇನ್ನೂ ಸೂಕ್ಷ್ಮವಾದದ್ದು. ಹೊಸ ಕಾರುಗಳನ್ನು ಗುದ್ದಿಸಿ ನೋಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್‌ನ ಪರೀಕ್ಷೆಯಲ್ಲಿ ಸಿಎಕ್ಸ್-5 2017ರಲ್ಲಿ, ರ್ಯಾವ್4 2019ರಲ್ಲಿ, ಟಕ್ಸನ್ 2021ರಲ್ಲಿ ಐದೈದು ನಕ್ಷತ್ರ ಪಡೆದಿದ್ದವು. ವಯಸ್ಕ ಪ್ರಯಾಣಿಕರ ರಕ್ಷಣೆಯಲ್ಲಿ ಅವುಗಳ ಅಂಕ ಕ್ರಮವಾಗಿ ಶೇ. 95, 93 ಮತ್ತು 86. ಟಕ್ಸನ್ ಹಿಂದುಳಿದಿದೆ ಎಂದು ನಾನು ಆತುರದಲ್ಲಿ ಗುರುತು ಹಾಕಿಯೂಬಿಟ್ಟಿದ್ದೆ. ಆದರೆ 2020ರಲ್ಲಿ ಆ ಸಂಸ್ಥೆ ಮುಂಭಾಗದ ಗುದ್ದು ಪರೀಕ್ಷೆಯನ್ನೇ ಬದಲಿಸಿತ್ತು: ನಿಂತ ತಡೆಗೋಡೆಗೆ ಕಾರನ್ನು ಗುದ್ದಿಸುವ ಬದಲು, ಎದುರಿನಿಂದ ಚಲಿಸಿ ಬರುವ ತಡೆಗೋಡೆಗೆ ಗುದ್ದಿಸತೊಡಗಿತ್ತು. ಕಠಿಣವಾದ ಪ್ರಶ್ನೆಪತ್ರಿಕೆಯಲ್ಲಿ ಬಂದ 86ನ್ನು ಹಳೆಯ ಪ್ರಶ್ನೆಪತ್ರಿಕೆಯ 95ರ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲವೆಂದು ಆ ಗುರುತನ್ನು ಅಳಿಸಿದೆ.

ಆಗ ನಾನು ಕೈಪಿಡಿಗಳನ್ನು ಬದಿಗಿಟ್ಟು, ಐದೂ ಕಾರುಗಳನ್ನು ಒಂದೇ ಅಳತೆಗೋಲಿನಿಂದ, ಅಂದರೆ ನಮ್ಮ ಮನೆಯವರ ಮೈಕೈ ಮತ್ತು ನನ್ನ ಜೇಬಿನ ಅಳತೆ ಟೇಪಿನಿಂದ, ನಾನೇ ಅಳೆಯುವುದೆಂದು ತೀರ್ಮಾನಿಸಿದೆ. ಕಾರು ನೋಡಲು ಹೋಗುವ ಮೊದಲೇ ಏನನ್ನು ಅಳೆಯಬೇಕೆಂದು ಬರೆದುಕೊಂಡೆ. ನಮ್ಮ ಅಮ್ಮನಿಗೆ ಮಂಡಿ ನೋವಿದೆ; ತಗ್ಗಿನ ಸೆಡಾನಿನಿಂದ ಏಳಲು ಅವರಿಗೆ ಒಬ್ಬರ ಕೈ ಬೇಕಿತ್ತು. ಮನೆಯ ಮಂಚದ ಮೇಲೆ ಹಾಸಿಗೆಗಳನ್ನು ಪೇರಿಸಿ, ಯಾವ ಎತ್ತರದಿಂದ ಅವರು ಯಾರ ನೆರವೂ ಇಲ್ಲದೆ ಎದ್ದು ನಿಲ್ಲುತ್ತಾರೆ ಎಂದು ನೋಡಿದೆವು. ನೆಲದಿಂದ 64 ಸೆಂ.ಮೀ. ಎಂದು ತೇಲಿತು. ಅದಕ್ಕಿಂತ ಎತ್ತರವಾದರೆ ಹತ್ತುವುದು ಕಷ್ಟ, ತಗ್ಗಾದರೆ ಇಳಿಯುವುದು ಕಷ್ಟ. ಸೀಟಿನ ಎತ್ತರದಷ್ಟೇ ಮುಖ್ಯವಾದದ್ದು ಬಾಗಿಲ ಕೆಳಗಿನ ಹೊಸ್ತಿಲಿನ ಅಗಲ ಎಂಬುದು ಮೊದಲ ಶೋರೂಮಿನಲ್ಲೇ ಗೊತ್ತಾಯಿತು. ಹೊಸ್ತಿಲು ಅಗಲವಾದಷ್ಟೂ ಕಾಲನ್ನು ದೂರಕ್ಕೆ ಚಾಚಿ ಇಡಬೇಕಾಗುತ್ತದೆ, ಮಂಡಿ ನೋವಿನವರಿಗೆ ಕಷ್ಟವಾಗುವುದು ಅಲ್ಲಿಯೇ. ಈ ಅಳತೆಯನ್ನು ಯಾವ ಕೈಪಿಡಿಯಲ್ಲೂ ನಾನು ಕಾಣಲಿಲ್ಲ. ಹಿಂದಿನ ಬಾಗಿಲು ಎಷ್ಟು ಅಗಲಕ್ಕೆ ತೆರೆಯುತ್ತದೆ ಎಂಬುದನ್ನೂ ನೋಡಿದೆವು. ಹೆಚ್ಚುಕಡಿಮೆ ಲಂಬಕೋನದವರೆಗೆ ತೆರೆಯುವ ಸಿಆರ್-ವಿಯ ಬಾಗಿಲು ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿತು. ನಾನು ಚಾಲಕನ ಸೀಟನ್ನು ನನಗೆ ಬೇಕಾದಂತೆ ಹೊಂದಿಸಿಕೊಂಡು, ಅದನ್ನು ಅಲುಗಿಸದೆ ಅದರ ಹಿಂದೆ ಹೋಗಿ ಕುಳಿತು, ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತವೆ ಎಂದು ಎಣಿಸುತ್ತಿದ್ದೆ. ಮಾರಾಟದ ಹುಡುಗರು ಮೊದಮೊದಲು ನಕ್ಕರು. ಒಬ್ಬ ಮಾತ್ರ ಟೇಪಿನ ಇನ್ನೊಂದು ತುದಿಯನ್ನು ತಾನೇ ಬಂದು ಹಿಡಿದುಕೊಂಡ.

ಅಮ್ಮ ಕೂರುವುದು ಹಿಂದಿನ ಸೀಟಿನಲ್ಲಿ, ಮಗಳೂ ಅಲ್ಲಿಯೇ. ಆದ್ದರಿಂದ ಸುರಕ್ಷತೆಯ ಪ್ರಶ್ನೆಯನ್ನು ನಾನು ಹಿಂದಿನ ಸೀಟಿನಿಂದಲೇ ಕೇಳಬೇಕಾಗಿತ್ತು, ಮತ್ತು ಇಡೀ ಹೋಲಿಕೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಈ ಭಾಗವೇ. ಅಮೆರಿಕದ ವಿಮಾ ಕಂಪನಿಗಳ ಬೆಂಬಲದಿಂದ ನಡೆಯುವ ಐಐಎಚ್‌ಎಸ್ ಸಂಸ್ಥೆ 2021ರಲ್ಲಿ ಪಕ್ಕದಿಂದ ಗುದ್ದುವ ಪರೀಕ್ಷೆಯನ್ನು ಬಿಗಿಗೊಳಿಸಿತು: ಗುದ್ದುವ ತಡೆಗೋಡೆಯ ತೂಕ ಸುಮಾರು 1,500ರಿಂದ 1,900 ಕೆ.ಜಿ.ಗೆ, ವೇಗ ಗಂಟೆಗೆ 50ರಿಂದ 60 ಕಿ.ಮೀ.ಗೆ ಏರಿತು. ಓದುವಾಗ ಸಣ್ಣ ಬದಲಾವಣೆಯಂತೆ ತೋರುತ್ತದೆ, ಆದರೆ ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುವುದರಿಂದ ಗುದ್ದಿನ ಶಕ್ತಿ ಶೇ. 82ರಷ್ಟು ಹೆಚ್ಚಾಯಿತು. ಈ ಗಾತ್ರದ 20 ಎಸ್‌ಯುವಿಗಳಲ್ಲಿ ಆಗ ಅತ್ಯುತ್ತಮ ದರ್ಜೆ ಪಡೆದದ್ದು ಸಿಎಕ್ಸ್-5 ಒಂದೇ. ಇದನ್ನು ಓದಿದ ರಾತ್ರಿ ನನ್ನ ಆಯ್ಕೆ ಮುಗಿಯಿತು ಎಂದುಕೊಂಡೆ, ಏಕೆಂದರೆ ಓಡಿಸಿ ನೋಡಿದಾಗ ನನ್ನ ಮನಸ್ಸನ್ನು ಸೆಳೆದ ಕಾರೂ ಅದೇ ಆಗಿತ್ತು. ಆದರೆ ಅದೇ ಸಂಸ್ಥೆ 2022ರ ಕೊನೆಯಲ್ಲಿ, ಮುಂಭಾಗದ ಪರೀಕ್ಷೆಯಲ್ಲಿ ಚಾಲಕನ ಹಿಂದಿನ ಸೀಟಿನಲ್ಲೂ ಒಂದು ಬೊಂಬೆಯನ್ನು ಕೂರಿಸಿತು. ಸಣ್ಣ ಮೈಕಟ್ಟಿನ ಹೆಂಗಸು ಅಥವಾ 12 ವರ್ಷದ ಮಗುವಿನ ಗಾತ್ರದ ಬೊಂಬೆ ಅದು. ನನ್ನ ಲೆಕ್ಕದಲ್ಲಿ ಅದು ಅಮ್ಮ. ಆ ಬಾರಿ ಪರೀಕ್ಷಿಸಿದ 15 ಎಸ್‌ಯುವಿಗಳಲ್ಲಿ ಫೋರ್ಡ್ ಎಸ್ಕೇಪ್ ಮತ್ತು ವೋಲ್ವೋ ಎಕ್ಸ್‌ಸಿ40 ಮಾತ್ರ ಅತ್ಯುತ್ತಮ ದರ್ಜೆ ಪಡೆದವು, ರ್ಯಾವ್4 ಅದರ ಕೆಳಗಿನ ದರ್ಜೆಯಲ್ಲಿತ್ತು, ಫಾರೆಸ್ಟರ್ ಇನ್ನೂ ಒಂದು ಮೆಟ್ಟಿಲು ಕೆಳಗಿತ್ತು, ಸಿಆರ್-ವಿ, ಟಕ್ಸನ್ ಮತ್ತು ಸಿಎಕ್ಸ್-5 ಕೊನೆಯ ದರ್ಜೆಯಲ್ಲಿದ್ದವು.

ಒಂದೇ ಕಾರು ಒಂದು ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ, ಇನ್ನೊಂದರಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲುವುದು ಹೇಗೆ ಎಂದು ಹುಡುಕಿದಾಗ, ಉತ್ತರ ಬಹುಮಟ್ಟಿಗೆ ಸೀಟ್ ಬೆಲ್ಟಿನಲ್ಲಿ ಸಿಕ್ಕಿತು. ಗುದ್ದಿದ ಕ್ಷಣದಲ್ಲಿ ಬೆಲ್ಟನ್ನು ಬಿಗಿಯಾಗಿ ಎಳೆದುಕೊಳ್ಳುವ ಪ್ರಿಟೆನ್ಷನರ್, ಎದೆಯ ಮೇಲಿನ ಒತ್ತಡ ಮಿತಿ ಮೀರದಂತೆ ಬೆಲ್ಟನ್ನು ಸ್ವಲ್ಪ ಸಡಿಲಿಸುವ ಲೋಡ್ ಲಿಮಿಟರ್, ಇವೆರಡೂ ಮುಂದಿನ ಸೀಟುಗಳಿಗೆ ಬಂದು ದಶಕಗಳಾದರೂ ಹಿಂದಿನ ಸೀಟುಗಳಿಗೆ ಎಲ್ಲ ಕಾರುಗಳಲ್ಲೂ ಬಂದಿರಲಿಲ್ಲ. ಅಂದಿನಿಂದ ಪ್ರತಿ ಶೋರೂಮಿನಲ್ಲೂ ನಾನು ಕೇಳುವ ಮೊದಲ ಪ್ರಶ್ನೆ, ನಾನು ಕೊಳ್ಳುವ ಆವೃತ್ತಿಯ ಹಿಂದಿನ ಬೆಲ್ಟುಗಳಲ್ಲಿ ಇವೆರಡೂ ಇವೆಯೇ ಎಂಬುದಾಯಿತು. ಅಮೆರಿಕದಲ್ಲಿ ಪರೀಕ್ಷೆಗೆ ಒಳಗಾದದ್ದು ಅಲ್ಲಿನ ಆವೃತ್ತಿ. ಬೇರೆ ಮಾರುಕಟ್ಟೆಯಲ್ಲಿ ಅದೇ ಹೆಸರಿನ ಕಾರಿನಲ್ಲಿ ಬೆಲ್ಟು, ಏರ್‌ಬ್ಯಾಗುಗಳ ಸಂಖ್ಯೆ ಬದಲಾಗಿರಬಹುದು, ಆದ್ದರಿಂದ ಬಾಯಿಮಾತಿನ ಉತ್ತರಕ್ಕೆ ತೃಪ್ತನಾಗದೆ ಬರಹದಲ್ಲೇ ಕೇಳಿ ಪಡೆದೆ.

ಯಂತ್ರದ ವಿಷಯದಲ್ಲಿ ನನಗೆ ಹೆಚ್ಚು ಗೊಂದಲ ತಂದದ್ದು ಸಿವಿಟಿ, ಅಂದರೆ ಮೆಟ್ಟಿಲು ಮೆಟ್ಟಿಲಾದ ಗೇರುಗಳಿಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎಂಬ ಮೂರಕ್ಷರ. ಆಗಿನ ಫಾರೆಸ್ಟರ್‌ನಲ್ಲಿದ್ದದ್ದು ಎರಡು ರಾಟೆಗಳ ನಡುವೆ ಸರಪಳಿ ಓಡುವ ನಿಜವಾದ ಸಿವಿಟಿ. ಎಂಜಿನ್ನಿನ ಜೊತೆ ವಿದ್ಯುತ್ ಮೋಟರೂ ಇರುವ ರ್ಯಾವ್4 ಹೈಬ್ರಿಡ್‌ನ ಇ-ಸಿವಿಟಿಯಲ್ಲಿ ಬೆಲ್ಟೂ ಇಲ್ಲ, ಸರಪಳಿಯೂ ಇಲ್ಲ. ಎಂಜಿನ್ ಮತ್ತು ಎರಡು ಮೋಟರುಗಳನ್ನು ಗ್ರಹಗಳಂತೆ ಸುತ್ತುವ ಹಲ್ಲುಚಕ್ರಗಳ ಒಂದು ಗುಂಪು ಬೆಸೆಯುತ್ತದೆ. ಸಿಆರ್-ವಿ ಹೈಬ್ರಿಡ್‌ನದು ಮತ್ತೂ ಬೇರೆ: ಅಲ್ಲಿ ಎಂಜಿನ್ ಬಹುತೇಕ ವೇಳೆ ವಿದ್ಯುತ್ ತಯಾರಿಸುವ ಕೆಲಸವನ್ನಷ್ಟೇ ಮಾಡುತ್ತದೆ, ಚಕ್ರ ತಿರುಗಿಸುವುದು ಮೋಟರು, ಹೆದ್ದಾರಿಯ ವೇಗದಲ್ಲಿ ಮಾತ್ರ ಒಂದು ಕ್ಲಚ್ಚು ಎಂಜಿನನ್ನು ನೇರವಾಗಿ ಚಕ್ರಗಳಿಗೆ ಜೋಡಿಸುತ್ತದೆ. ಸಿವಿಟಿ ಬೇಡವೇ ಬೇಡ ಎಂದು ಯಾರೋ ಹೇಳಿದ್ದನ್ನು ಕೇಳಿ ಈ ಮೂರನ್ನೂ ಒಂದೇ ಗೆರೆಯಿಂದ ಹೊಡೆದುಹಾಕಲು ಹೊರಟಿದ್ದವನು ನಾನು. ಮಾಮೂಲಿ ಆರು ಗೇರಿನ ಆಟೊಮ್ಯಾಟಿಕ್ ಇರುವ ಸಿಎಕ್ಸ್-5 ಕಾಲಿನ ಒತ್ತಡಕ್ಕೆ ತಕ್ಕಂತೆ ಮಾತು ಕೇಳುತ್ತಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ನಾಲ್ಕೂ ಚಕ್ರಗಳಿಗೆ ಶಕ್ತಿ ಬೇಕೇ ಎಂಬ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಡಲಿಲ್ಲ: ಅದು ಜಾರುವ ನೆಲದಲ್ಲಿ ಹೊರಡಲು ನೆರವಾಗುತ್ತದೆಯೇ ಹೊರತು ಬ್ರೇಕ್ ಹಾಕಿದಾಗ ಬೇಗ ನಿಲ್ಲಲು ನೆರವಾಗುವುದಿಲ್ಲ, ಆ ಕೆಲಸ ಟೈರಿನದು.

ಮೈಲೇಜಿನ ಅಂಕಿಗಳನ್ನು ನಾನು ಮೊದಲು ಒಂದೇ ಪರೀಕ್ಷಾ ಪದ್ಧತಿಗೆ ತಂದೆ. ಯುರೋಪಿನಲ್ಲಿ 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ ಎಂಬ ಮೈಲೇಜ್ ಪರೀಕ್ಷೆಯ ಅಂಕಿಯನ್ನು ಅದಕ್ಕಿಂತ ಹಿಂದಿನ ಪದ್ಧತಿಯ ಅಂಕಿಯೊಡನೆ ಹೋಲಿಸಿದರೆ ಹಳೆಯ ಕಾರೇ ಮಿತವ್ಯಯಿ ಎಂದು ತೋರುತ್ತದೆ, ಏಕೆಂದರೆ ಹಳೆಯ ಪರೀಕ್ಷೆ ಅಷ್ಟು ಮೆದುವಾಗಿತ್ತು. ಆಮೇಲೆ ಲೀಟರಿಗೆ ಎಷ್ಟು ಕಿ.ಮೀ. ಎಂಬ ನಮ್ಮ ರೂಢಿಯನ್ನು ಬಿಟ್ಟು, 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ತಿರುಗಿಸಿ ಬರೆದೆ. ಲೀಟರಿಗೆ 10ರಿಂದ 12 ಕಿ.ಮೀ.ಗೆ ಏರಿದರೆ ನೂರು ಕಿ.ಮೀ.ಗೆ 1.7 ಲೀಟರ್ ಉಳಿಯುತ್ತದೆ. 18ರಿಂದ 20ಕ್ಕೆ ಏರಿದರೆ ಉಳಿಯುವುದು ಅರ್ಧ ಲೀಟರಿಗಿಂತ ತುಸು ಹೆಚ್ಚಷ್ಟೆ. ಎರಡು ಹೈಬ್ರಿಡ್‌ಗಳ ನಡುವಿನ ಒಂದೆರಡು ಕಿ.ಮೀ. ವ್ಯತ್ಯಾಸಕ್ಕಾಗಿ ನಾನು ಮಾಡುತ್ತಿದ್ದ ತಲೆಬಿಸಿ ಅಲ್ಲಿಗೆ ತಣ್ಣಗಾಯಿತು.

ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ತೋರಿಸಿದ ನುಣುಪು ರಸ್ತೆಯನ್ನು ಒಪ್ಪದೆ, ನಾನೇ ಗುರುತಿಸಿದ ಹನ್ನೆರಡು ಕಿ.ಮೀ. ದಾರಿಯಲ್ಲಿ ಐದೂ ಕಾರುಗಳನ್ನು ಓಡಿಸಿದೆ. ಅದರಲ್ಲಿ ಹಂಪುಗಳಿದ್ದವು, ಕಿತ್ತುಹೋದ ಡಾಂಬರಿತ್ತು, ವೇಗವಾಗಿ ಹೋಗಬಹುದಾದ ಒಂದು ನೇರ ತುಂಡೂ ಇತ್ತು. ಒಂದು ಕಾರಿನಲ್ಲಿ ಗುಂಡಿಗಳು ನೇರವಾಗಿ ಬೆನ್ನುಹುರಿಗೆ ಬಡಿದಂತಾದಾಗ, ಅದನ್ನು ಹಾಳೆಯಲ್ಲಿ ಕೆಂಪು ಮಸಿಯಿಂದ ಬರೆದೆ. ಇಳಿದು ನೋಡಿದರೆ ಅದಕ್ಕೆ ಹಾಕಿದ್ದು 19 ಇಂಚಿನ ಚಕ್ರಗಳು. 225/65 ಆರ್17 ಟೈರಿನ (225 ಮಿ.ಮೀ. ಅಗಲ, ಪಕ್ಕೆ ಅದರ ಶೇ. 65, ಚಕ್ರ 17 ಇಂಚು) ಪಕ್ಕೆಯ ಎತ್ತರ 146 ಮಿ.ಮೀ., 225/55 ಆರ್19 ಟೈರಿನದು 124 ಮಿ.ಮೀ.; ಗುಂಡಿಯ ಪೆಟ್ಟನ್ನು ಮೊದಲು ನುಂಗಬೇಕಾದ ರಬ್ಬರು ಮತ್ತು ಗಾಳಿ ಅಷ್ಟು ಕಡಿಮೆ. ಅದೇ ಕಾರನ್ನು 17 ಇಂಚಿನ ಚಕ್ರಗಳಿರುವ ಆವೃತ್ತಿಯಲ್ಲಿ ಮತ್ತೊಮ್ಮೆ ಓಡಿಸಿದಾಗ ಕೆಂಪು ಮಸಿಯ ಮಾತನ್ನು ಹಿಂತೆಗೆದುಕೊಂಡೆ. ಶೋರೂಮಿನಲ್ಲಿ ಓಡಿಸಲು ಕೊಡುವುದು ಸಾಮಾನ್ಯವಾಗಿ ಎಲ್ಲ ಅಲಂಕಾರಗಳಿರುವ ಮೇಲಿನ ಆವೃತ್ತಿ, ನಾವು ಕೊಳ್ಳುವುದು ನಡುವಿನದು. ಈ ಅಂತರ ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರಬಲ್ಲದು. ಕತ್ತಲಾದ ಮೇಲೆ ಇನ್ನೊಂದು ಸುತ್ತು ಹೋಗಿ ಹೆಡ್‌ಲೈಟುಗಳನ್ನೂ, ಕನ್ನಡಿಗೆ ಬೀಳುವ ಪರದೆಯ ಬೆಳಕನ್ನೂ ನೋಡಿದೆ. ಡಿಕ್ಕಿಯ ನೆಲಹಾಸನ್ನು ಎತ್ತಿ ಸ್ಟೆಪ್ನಿ ಇದೆಯೇ ಅಥವಾ ಬರೀ ಪಂಕ್ಚರ್ ಕಿಟ್ ಇದೆಯೇ ಎಂದು ನೋಡಲು ಎರಡು ನಿಮಿಷ ಸಾಕು.

ಕೊನೆಗೆ ಪ್ರತಿ ಸಾಲಿನ ಅಂಕವನ್ನೂ, ಅದರ ಮಹತ್ವ ನೋಡಿ ಮೊದಲೇ ಬರೆದಿಟ್ಟಿದ್ದ ತೂಕದಿಂದ ಗುಣಿಸಿ ಕೂಡಿದಾಗ ರ್ಯಾವ್4 ಹೈಬ್ರಿಡ್ ಮೊದಲು ಬಂದಿತು. ನನಗೆ ಬೇಕಾಗಿದ್ದದ್ದು ಸಿಎಕ್ಸ್-5. ಸ್ಟಿಯರಿಂಗಿಗೆ ಕೊಟ್ಟ ತೂಕ ಕಡಿಮೆಯಾಯಿತೇನೋ ಎಂದು ಅದನ್ನು ಎರಡರಿಂದ ಮೂರಕ್ಕೆ ಏರಿಸಿದೆ. ಸಾಲದಾಯಿತು, ನಾಲ್ಕಕ್ಕೆ ಏರಿಸಿದೆ. ಹಿಂದೆ ನಿಂತು ನೋಡುತ್ತಿದ್ದ ನನ್ನ ಪತ್ನಿ, "ತೀರ್ಪು ಮೊದಲೇ ಬರೆದಿಟ್ಟುಕೊಂಡು ಈಗ ಸಾಕ್ಷಿ ಹುಡುಕುತ್ತಿದ್ದೀರಿ. ಅಮ್ಮ ಕೂರುವುದು ಸ್ಟಿಯರಿಂಗಿನ ಮೇಲಲ್ಲ" ಎಂದಳು. ತೂಕಗಳನ್ನು ಕಾರು ನೋಡುವ ಮೊದಲು ಬರೆದಿದ್ದಂತೆಯೇ ಬಿಟ್ಟೆ. ಐಐಎಚ್‌ಎಸ್‌ನ ಆ ಎರಡು ಗುದ್ದು ಪರೀಕ್ಷೆಗಳಲ್ಲಿ ರ್ಯಾವ್4 ಯಾವುದರಲ್ಲೂ ಮೊದಲಿಗನಲ್ಲ, ಆದರೆ ಎರಡರಲ್ಲೂ ಎರಡನೆಯ ದರ್ಜೆಗಿಂತ ಕೆಳಗಿಳಿದಿರಲಿಲ್ಲ. ನಾನು ಓಡಿಸಿದ ಆವೃತ್ತಿಯ ಸೀಟಿನ ಎತ್ತರ ಅಮ್ಮನ 64 ಸೆಂ.ಮೀ.ಗೆ ಹತ್ತಿರವಿತ್ತು. ಅದನ್ನೇ ಬುಕ್ ಮಾಡಿದೆವು.

ಕಾರು ಮನೆಗೆ ಬಂದ ಸಂಜೆ ಶೆಡ್ಡಿನಲ್ಲಿ ನಿಲ್ಲಿಸಿ ಡಿಕ್ಕಿಯ ಬಾಗಿಲು ತೆರೆಯಹೋದಾಗ, ಅದು ಮೇಲೆದ್ದು ತೊಲೆಗೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ಮಗಳು ಕೂಗಿದಳು. ವಿದ್ಯುತ್ತಿನಿಂದ ಏಳುವ ಬಾಗಿಲಾದ್ದರಿಂದ ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂದು ಹೊಂದಿಸಲು ಸಾಧ್ಯವಾಯಿತು. ಐದು ಕಾರುಗಳ ಹೊಸ್ತಿಲನ್ನೂ ಸೀಟನ್ನೂ ಬಾಗಿಲನ್ನೂ ಅಳೆದಿದ್ದ ನಾನು ನಮ್ಮ ಶೆಡ್ಡನ್ನು ಒಮ್ಮೆಯೂ ಅಳೆದಿರಲಿಲ್ಲ, ಟೇಪು ಆಗಲೂ ಜೇಬಿನಲ್ಲೇ ಇತ್ತು.