ಓಕ್ ಹಲಗೆಯಲ್ಲಿ ನಾಯಿಗೊಂದು ಊಟದ ಸ್ಟ್ಯಾಂಡ್

ನಾಯಿ ನೀರು ಕುಡಿಯುವುದನ್ನು ನೋಡಿದ್ದೀರಲ್ವಾ? ಒಳಗೆ ಹೋಗುವಷ್ಟೇ ಹೊರಗೂ ಚೆಲ್ಲುತ್ತದೆ. ಹಾಗಾಗಿ ಬಟ್ಟಲು ಕೂರಿಸುವ ಸ್ಟ್ಯಾಂಡ್ ಮಾಡುವವರು ಅಂದಕ್ಕಿಂತ ಮೊದಲು ನೀರಿನ ಬಗ್ಗೆ ಯೋಚಿಸಬೇಕು.

ಓಕ್‌ನಲ್ಲಿ ಬಿಳಿ, ಕೆಂಪು ಎಂದು ಎರಡು ಮುಖ್ಯ ಬಗೆ. ಈ ಕೆಲಸಕ್ಕೆ ಬಿಳಿಯದೇ ಸರಿ. ಅದರೊಳಗಿನ ಸಣ್ಣ ಕೊಳವೆಗಳು ತಾವಾಗಿಯೇ ಮುಚ್ಚಿಕೊಂಡಿರುತ್ತವೆ. ವೈನ್ ಪೀಪಾಯಿಗೆ ಬಿಳಿ ಓಕ್ ಬಳಸುವುದೂ ಅದಕ್ಕೇ. ಕೆಂಪು ಓಕ್‌ನಲ್ಲಿ ಅವು ತೆರೆದಿರುತ್ತವೆ, ನೀರು ಸಲೀಸಾಗಿ ಇಳಿಯುತ್ತದೆ.

ಹಸಿ ದಿಮ್ಮಿ ಸೀಳಿದ ಕೂಡಲೇ ಹಲಗೆಯ ಎರಡೂ ತುದಿಗೆ ಮೇಣ ಬಳಿಯಿರಿ. ಇಲ್ಲದಿದ್ದರೆ ತುದಿ ಬೇಗ ಒಣಗಿ ಬಿರುಕು ಬಿಡುತ್ತದೆ. ಆಮೇಲೆ ನಡುನಡುವೆ ತೆಳು ಪಟ್ಟಿಗಳನ್ನಿಟ್ಟು ನೆರಳಲ್ಲಿ ಪೇರಿಸುವುದು. 25 ಮಿ.ಮೀ. ದಪ್ಪಕ್ಕೆ ಒಂದು ವರ್ಷ ಎಂಬುದು ಮರಗೆಲಸದವರ ಹಳೇ ಲೆಕ್ಕ. ಅಷ್ಟು ಕಾದರೂ ಮನೆಯೊಳಗಿಡುವ ವಸ್ತುವಿಗೆ ಸಾಲುವುದಿಲ್ಲ. ಬಿಸಿ ಗೂಡಿನಲ್ಲಿಟ್ಟು ತೇವವನ್ನು ಶೇ 8–10ಕ್ಕೆ ಇಳಿಸಬೇಕು. ಒಣಗಿದ್ದೇ ಎಂದು ಕೊಂಡ ಹಲಗೆಯನ್ನೂ ತೇವದ ಮೀಟರ್‌ನಲ್ಲಿ ಒಮ್ಮೆ ನೋಡಿಬಿಡಿ.

ಹಲಗೆಯನ್ನು ಕೀಸಿ ಮಟ್ಟ ಮಾಡಿ, ಅಳತೆಗೆ ಕತ್ತರಿಸಿ. ಎತ್ತರ ಎಷ್ಟಿರಬೇಕು? ದೊಡ್ಡ ತಳಿಯ ನಾಯಿಯಾದರೆ ಪಶುವೈದ್ಯರನ್ನು ಕೇಳಿ. ಎತ್ತರದ ಬಟ್ಟಲಿಗೂ ಹೊಟ್ಟೆಯುಬ್ಬರಕ್ಕೂ ನಂಟಿದೆಯೇ ಎಂಬ ಬಗ್ಗೆ ಅವರಲ್ಲೇ ಒಮ್ಮತವಿಲ್ಲ.

ಇನ್ನು ಬಟ್ಟಲಿನ ತೂತು. ಬಟ್ಟಲಿನ ಮೇಲಂಚಿನ ಅಗಲ, ಅಂಚಿನ ಕೆಳಗಿನ ಮೈಯ ಅಗಲ ಎರಡನ್ನೂ ಅಳೆಯಿರಿ. ತೂತು ಇವೆರಡರ ನಡುವಿನ ಅಳತೆಯದ್ದಿರಲಿ, ಎತ್ತಿ ತೊಳೆಯುವಷ್ಟು ಸಡಿಲ ಬೇಕು. ಅಳತೆಗೆ ಗೆರೆ ಎಳೆದು, ಡ್ರಿಲ್‌ನಲ್ಲಿ ದಾರಿ ಮಾಡಿ, ಗೆರೆಯ ಒಳಗೇ ಜಿಗ್ಸಾ (ತಿರುವಿನಲ್ಲೂ ಕೊಯ್ಯುವ ಸಣ್ಣ ವಿದ್ಯುತ್ ಗರಗಸ) ಓಡಿಸಿ, ಉಳಿದದ್ದನ್ನು ಅರದಿಂದ ತೀಡಿ. ಈಗ ತೂತಿನ ಒಳಮೈಯನ್ನು ಸವರಿ ನೋಡಿ. ಎರಡು ಕಡೆ ನುಣುಪು, ಎರಡು ಕಡೆ ಒರಟು. ಆ ಒರಟು ಜಾಗದಲ್ಲಿ ಮರದ ಎಳೆಗಳು ಕತ್ತರಿಸಿ ಬಾಯ್ತೆರೆದಿವೆ. ಸ್ಟ್ಯಾಂಡ್ ಕೆಡುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಕಾಲು ಜೋಡಿಸಲು ಕಬ್ಬಿಣದ ಸ್ಕ್ರೂ ಬೇಡವೇ ಬೇಡ. ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ. ಕಬ್ಬಿಣ, ನೀರು ಎರಡೂ ಸೇರಿದರೆ ನೀಲಿಗಪ್ಪು ಕಲೆಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದು ಹಾಕಿ.

80, 120, 180 ನಂಬರಿನ ಉಪ್ಪುಕಾಗದದಲ್ಲಿ ಒಂದಾದ ಮೇಲೊಂದರಂತೆ ಉಜ್ಜಿ. ಮಾಸ್ಕ್ ಮರೆಯಬೇಡಿ, ಓಕ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಳೆಗಳು ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ಮತ್ತೊಮ್ಮೆ ಹಗುರಾಗಿ ಉಜ್ಜಿ.

ಕೊನೆಗೆ ಶುದ್ಧ ಟಂಗ್ ಎಣ್ಣೆ, ಅಂದರೆ ಟಂಗ್ ಮರದ ಬೀಜದ ಎಣ್ಣೆ. ತೆಳುವಾಗಿ ಹಚ್ಚಿ, ಹೆಚ್ಚಾದದ್ದು ಒರೆಸಿ, ಒಣಗಲು ಬಿಟ್ಟು ಮತ್ತೆ ಹಚ್ಚಿ. ತೂತಿನ ಆ ಒರಟು ಜಾಗಕ್ಕೆ ಒಂದೆರಡು ಸಲ ಜಾಸ್ತಿಯೇ ಇರಲಿ. ಎಣ್ಣೆ ಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ. ಎಣ್ಣೆ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಹಳೇ ಬಟ್ಟಲು ನೆಲದ ಮೇಲೇ ಇರಲಿ.