ಕ್ಯೂಜಿಐಎಸ್‌ನಲ್ಲಿ ಡೇಟಮ್ ಪರಿವರ್ತನೆ ಹೊಂದಿಸುವುದು

ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಎರಡು ಲೇಯರ್‌ಗಳು (ನಕ್ಷೆಯ ಪದರಗಳು) ನೂರಿನ್ನೂರು ಮೀಟರ್ ಸರಿದು ಕೂತಿದ್ದರೆ ಮೊದಲು ಡೇಟಮ್, ಅಂದರೆ ನಿರ್ದೇಶಾಂಕಗಳಿಗೆ ಆಧಾರವಾದ ಭೂಮಾದರಿ, ಪರೀಕ್ಷಿಸಿ. ಸೆಟ್ಟಿಂಗ್ಸ್‌ನ ಆಪ್ಷನ್ಸ್ ತೆರೆದು, ಒಂದು ಡೇಟಮ್‌ನಿಂದ ಇನ್ನೊಂದಕ್ಕೆ ಹಲವು ಪರಿವರ್ತನೆಗಳಿದ್ದಾಗ ಕೇಳುವಂತೆ ಟಿಕ್ ಹಾಕಿ. ಆಗ ಬರುವ ಪಟ್ಟಿಯಲ್ಲಿ ಮೊದಲ ಸಾಲನ್ನೇ ಒಪ್ಪಿಬಿಡಬೇಡಿ. ನಿಖರತೆ ಎಷ್ಟು ಮೀಟರ್, ಯಾವ ಪ್ರದೇಶಕ್ಕೆ ಅನ್ವಯ ಎಂದು ನೋಡಿ. ಕೆಲವಕ್ಕೆ ಗ್ರಿಡ್ ಫೈಲ್ (ಜಾಗವಾರು ತಿದ್ದುಪಡಿಗಳ ಕಡತ) ಬೇಕು, ಅದನ್ನು ಇಳಿಸಿಕೊಳ್ಳಿ.

ಪರಿವರ್ತನೆಯ ಏಳು ಪ್ಯಾರಾಮೀಟರ್‌ಗಳನ್ನು ಕೈಯಾರೆ ತುಂಬುವಾಗಲೇ ಹೆಚ್ಚು ಎಡವಟ್ಟು. ಸ್ಥಾನಪಲ್ಲಟ ಮೂರೂ ಮೀಟರ್‌ನಲ್ಲಿ, ತಿರುಗುವಿಕೆ ಮೂರೂ ಆರ್ಕ್‌ಸೆಕೆಂಡ್‌ನಲ್ಲಿ (ಡಿಗ್ರಿಯ 3600ರಲ್ಲಿ ಒಂದು ಭಾಗ), ಸ್ಕೇಲ್ ಪಿಪಿಎಂನಲ್ಲಿ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕ). ಪೊಸಿಷನ್ ವೆಕ್ಟರ್ ಮತ್ತು ಕೋಆರ್ಡಿನೇಟ್ ಫ್ರೇಮ್ ಪದ್ಧತಿಗಳಲ್ಲಿ ತಿರುಗುವಿಕೆಯ ಚಿಹ್ನೆ ತದ್ವಿರುದ್ಧ. ಕ್ಯೂಜಿಐಎಸ್ ಬಳಸುವ ನಿರ್ದೇಶಾಂಕ ಲೆಕ್ಕದ ತಂತ್ರಾಂಶ ಪ್ರೋಜ್‌ನಲ್ಲಿ ಈ ಏಳು ಬೆಲೆಗಳನ್ನು ಕೊಡುವ ಟುಡಬ್ಲ್ಯೂಜಿಎಸ್84 (towgs84) ಬಯಸುವುದು ಮೊದಲನೆಯದನ್ನು. ಎರಡನೆಯದು ಸಿಕ್ಕಿದ್ದರೆ ಮೂರು ತಿರುಗುವಿಕೆಗಳ ಚಿಹ್ನೆ ಮಾತ್ರ ಬದಲಿಸಿ.

ಸೆಟ್ ಲೇಯರ್ ಸಿಆರ್‌ಎಸ್ ಆಜ್ಞೆ ಲೇಯರ್‌ಗೆ ಅಂಟಿಸಿದ ನಿರ್ದೇಶಾಂಕ ವ್ಯವಸ್ಥೆಯ (ಸಿಆರ್‌ಎಸ್) ಹೆಸರನ್ನಷ್ಟೇ ಬದಲಿಸುತ್ತದೆ. ನಿರ್ದೇಶಾಂಕಗಳು ನಿಜಕ್ಕೂ ಬದಲಾಗಲು ರೀಪ್ರೊಜೆಕ್ಟ್ ಲೇಯರ್ ಬಳಸಿ, ಎರಡೂ ಡೇಟಮ್‌ಗಳಲ್ಲಿ ನಿರ್ದೇಶಾಂಕ ಗೊತ್ತಿರುವ ನಿಯಂತ್ರಣ ಬಿಂದುವಿನೊಂದಿಗೆ ಫಲಿತಾಂಶವನ್ನು ಹೋಲಿಸಿ.